ಬೇರೆಯವರು ಬಿದ್ದಾಗ ಸಿಕ್ಕ ಚಿನ್ನ

ಯೌವನಸ್ಥರ ಕೂಟದ ಸಂದೇಶ, ಶ್ರೀರಂಗಪಟ್ಟಣ
ವಾಕ್ಯಭಾಗ: ಪ್ರಸಂಗಿ 9:11; 2 ಸಮುವೇಲ 1 ಮತ್ತು 9; ರೋಮಾಪುರದವರಿಗೆ 11:17–22

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಬಸ್ಸು, ಬೈಕು ಹತ್ತಿ ಬಂದಿದ್ದೀರಿ. ವಾರವೆಲ್ಲ ಬೆಂಗಳೂರಲ್ಲೋ ಮೈಸೂರಲ್ಲೋ ದುಡಿದು, ಶನಿವಾರ ರಾತ್ರಿ ಊರು ಸೇರಿ, ನಿದ್ದೆ ಬಿಟ್ಟು ಇಲ್ಲಿ ಕೂತಿರೋರೂ ಇದ್ದೀರಿ. ಎಲ್ಲರಿಗಾಗಿ ಕರ್ತನಿಗೆ ಸ್ತೋತ್ರ.

ಪ್ರಸಂಗಿ 9:11 ತೆಗೀರಿ. ಅಲ್ಲಿ ಜ್ಞಾನಿ ತಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳ್ತಾನೆ. ಜೋರಾಗಿ ಓಡೋನೇ ಯಾವಾಗಲೂ ಗೆಲ್ಲಲ್ಲ, ಬಲಶಾಲಿಯೇ ಯಾವಾಗಲೂ ಯುದ್ಧ ಗೆಲ್ಲಲ್ಲ, ಬುದ್ಧಿವಂತನಿಗೇ ಯಾವಾಗಲೂ ಊಟ ಸಿಗಲ್ಲ, ನಾವು ಎಣಿಸದೇ ಇದ್ದದ್ದು ನಡುವೆ ಬಂದು ಎಲ್ಲವನ್ನೂ ತಿರುಗಿಸುತ್ತೆ ಅನ್ನೋದು ಆ ಮಾತಿನ ಭಾವ. ಇದನ್ನ ನಾವು ಸೋತಾಗ ಸಮಾಧಾನಕ್ಕೆ ಓದ್ಕೊಳ್ತೀವಿ. ಗೆದ್ದಾಗ ಓದೋದೇ ಇಲ್ಲ. ಇವತ್ತು ಗೆದ್ದವನ ಕಡೆಯಿಂದ ಓದೋಣ.

ಪ್ರಶ್ನೆ ಇದು. ಇನ್ನೊಬ್ಬರು ಬಿದ್ದಿದ್ದರಿಂದ ನನಗೆ ಸಿಕ್ಕಿದ್ದು ನನ್ನದಾ?

ಇದು ದೊಡ್ಡ ದೊಡ್ಡ ಜನರ ಪ್ರಶ್ನೆ ಅಂದ್ಕೋಬೇಡಿ. ನಿಮ್ಮ ಟೀಮಲ್ಲಿ ಸೀನಿಯರ್ ಒಬ್ಬರನ್ನ ಕೆಲಸದಿಂದ ತೆಗೆದ್ರು, ಅವರ ಕುರ್ಚಿ ನಿಮಗೆ ಬಂತು. ಪಟ್ಟಿಯಲ್ಲಿ ನಿಮಗಿಂತ ಮುಂದಿದ್ದ ಹುಡುಗಿ ಮನೆ ಕಷ್ಟಕ್ಕೆ ಸೀಟು ಬಿಟ್ಟಳು, ಅದು ನಿಮಗೆ ಸಿಕ್ತು. ಆ ರಾತ್ರಿ ಸಾಕ್ಷಿ ಹೇಳೋಕೆ ಎದ್ದು ನಿಂತಾಗ ಒಳಗೆ ಏನೋ ಚುಚ್ಚುತ್ತೆ. "ದೇವರು ನನಗೆ ಮಾಡಿದ" ಅಂತ ಹೇಳ್ತೀವಿ. ಹಾಗಾದ್ರೆ ಆ ಇನ್ನೊಬ್ಬರಿಗೆ ಏನು ಮಾಡಿದ? ಈ ಪ್ರಶ್ನೆಯನ್ನ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲ್ಲ. ಇವತ್ತು ಕೇಳೋಣ. ಅದಕ್ಕೆ ಒಬ್ಬ ಕ್ರೀಡಾಪಟುವಿನ ಜೀವನ ತಗೊಂಡಿದ್ದೀನಿ.

ಅವನ ಹೆಸರು ಸ್ಟೀವನ್ ಬ್ರಾಡ್ಬರಿ. ಆಸ್ಟ್ರೇಲಿಯಾದವನು, 1973ರಲ್ಲಿ ಹುಟ್ಟಿದವನು. ಆಟ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್, ಅಂದ್ರೆ ಐಸ್ ಮೇಲೆ ಬ್ಲೇಡು ಕಟ್ಟಿದ ಬೂಟು ಹಾಕ್ಕೊಂಡು ಓಡೋದು. ನಮ್ಮ ಮಂಡ್ಯ ಸೀಮೆಯಲ್ಲಿ ಐಸ್ ಅಂದ್ರೆ ಕಬ್ಬಿನ ಹಾಲಿಗೆ ಹಾಕೋದು, ಅಷ್ಟೇ ಗೊತ್ತು. ಆಸ್ಟ್ರೇಲಿಯಾನೂ ಬಿಸಿಲಿನ ದೇಶವೇ, ಅಲ್ಲಿ ಈ ಆಟಕ್ಕೆ ದೊಡ್ಡ ಹೆಸರೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಆಟ ಹೇಗೆ ಅಂತ ಸ್ವಲ್ಪ ತಿಳ್ಕೊಳ್ಳಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಒಂದು ಸುತ್ತು ಸುಮಾರು 111 ಮೀಟರ್. 1000 ಮೀಟರ್ ಅಂದ್ರೆ ಒಂಬತ್ತು ಸುತ್ತು. ನಾಲ್ಕೈದು ಜನ ಒಟ್ಟಿಗೆ, ಗಂಟೆಗೆ 40 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ, ಒಬ್ಬರ ಭುಜಕ್ಕೆ ಒಬ್ಬರು ತಾಗೋ ಹಾಗೆ ತಿರುವು ತಗೋತಾರೆ. ಒಬ್ಬ ಜಾರಿದ್ರೆ ಪಕ್ಕದವನನ್ನೂ ಎಳ್ಕೊಂಡು ಹೋಗ್ತಾನೆ. ನಮ್ಮ ಕಡೆ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಎಷ್ಟೇ ಬಿರುಸಿನ ಜೋಡಿ ಆದ್ರೂ ದಾರಿ ಬಿಟ್ಟು ಜನರ ಕಡೆ ನುಗ್ಗಿದ್ರೆ ಮುಗೀತು. ಅಲ್ಲಿ ಕಾಲಿಗೆ ವೇಗ ಇದ್ರೆ ಸಾಲದು, ಕೊನೇವರೆಗೆ ನೆಟ್ಟಗೆ ಬರಬೇಕು.

1991ರಲ್ಲಿ ಸಿಡ್ನಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯಾ ರಿಲೇಯಲ್ಲಿ ಚಿನ್ನ ಗೆದ್ದಾಗ ಬ್ರಾಡ್ಬರಿ ಆ ತಂಡದಲ್ಲಿದ್ದ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಅವನ ತಂಡಕ್ಕೆ ರಿಲೇಯಲ್ಲಿ ಕಂಚು ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಅದೇ ಮೊದಲ ಪದಕ. ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಪಂದ್ಯ. ಡಿಕ್ಕಿ ಆಯ್ತು, ಇನ್ನೊಬ್ಬನ ಬ್ಲೇಡು ಇವನ ತೊಡೆಯನ್ನ ಸೀಳ್ಕೊಂಡು ಹೋಯ್ತು. ನಾಲ್ಕು ಲೀಟರ್ ರಕ್ತ ಹರೀತು. 111 ಹೊಲಿಗೆ. ಮತ್ತೆ ಮೊದಲಿನ ಬಲ ಬರೋಕೆ ಒಂದೂವರೆ ವರ್ಷ.

ವಾಪಸ್ ಬಂದ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಪದಕ ಏನೂ ಸಿಗಲಿಲ್ಲ. 2000ದಲ್ಲಿ ಅಭ್ಯಾಸ ಮಾಡುವಾಗ ತಲೆ ಮುಂದಾಗಿ ಅಂಚಿನ ತಡೆಗೋಡೆಗೆ ಬಡಿದ. ಕುತ್ತಿಗೆಯ ಎರಡು ಮೂಳೆ ಮುರಿದವು. ತಲೆಬುರುಡೆಗೆ ಸ್ಕ್ರೂ ಹಾಕಿ ಕಬ್ಬಿಣದ ಚೌಕಟ್ಟು ಕೂರಿಸಿದ್ರು, ಆರು ವಾರ ಹಾಗೇ ಇದ್ದ. ಇನ್ನು ಸ್ಕೇಟಿಂಗ್ ಮುಗೀತು ಅಂತ ವೈದ್ಯರು ಹೇಳಿದ್ರು. ಅವನು ಮತ್ತೂ ಬಂದ. ಹೊಟ್ಟೆಪಾಡಿಗೆ ಸ್ಕೇಟಿಂಗ್ ಬೂಟು ತಯಾರಿಸಿ ಮಾರುತ್ತಿದ್ದ.

ಈಗ 2002, ಫೆಬ್ರವರಿ 16. ಅಮೆರಿಕದ ಸಾಲ್ಟ್ ಲೇಕ್ ಸಿಟಿ. 1000 ಮೀಟರ್. ಅವನಿಗೆ 28 ವಯಸ್ಸು, ಆ ಆಟಕ್ಕೆ ಅದು ದೊಡ್ಡ ವಯಸ್ಸು.

ಕ್ವಾರ್ಟರ್ ಫೈನಲ್‌ನಲ್ಲಿ ಮೂರನೆಯವನಾದ. ಮುಂದಕ್ಕೆ ಹೋಗೋದು ಇಬ್ಬರು ಮಾತ್ರ. ಆದರೆ ಮುಂದಿದ್ದ ಕೆನಡಾದ ಮಾರ್ಕ್ ಗ್ಯಾನ್ಯನ್ ಇನ್ನೊಬ್ಬರಿಗೆ ಅಡ್ಡಿ ಮಾಡಿದ ಅಂತ ಅನರ್ಹನಾದ. ಇವನು ಸೆಮಿಫೈನಲ್‌ಗೆ ಹೋದ. ಅಲ್ಲಿ ಎಲ್ಲರಿಗಿಂತ ಹಿಂದೆ. ಮುಂದಿದ್ದವರಲ್ಲಿ ಮೂವರು ಬಿದ್ದರು. ಇವನು ಫೈನಲ್‌ಗೆ ಹೋದ. ಫೈನಲ್‌ನಲ್ಲಿ ಅಮೆರಿಕದ ಅಪೋಲೊ ಓನೋ, ಕೊರಿಯಾದ ಆನ್ ಹ್ಯುನ್-ಸೂ, ಚೀನಾದ ಲಿ ಜಿಯಾಜುನ್, ಕೆನಡಾದ ಮ್ಯಾಥ್ಯೂ ಟರ್ಕಾಟ್. ನಾಲ್ವರೂ ಇವನಿಗಿಂತ ವೇಗದವರು. ಕೊನೆಯ ತಿರುವು ಬರೋ ಹೊತ್ತಿಗೆ ಬ್ರಾಡ್ಬರಿ ಸುಮಾರು 15 ಮೀಟರ್ ಹಿಂದಿದ್ದ. ಆ ತಿರುವಿನಲ್ಲಿ ಒಬ್ಬ ಜಾರಿದ, ಇನ್ನೊಬ್ಬನಿಗೆ ತಾಗಿತು, ನಾಲ್ವರೂ ಬಿದ್ದರು. ಹಿಂದೆ ಇದ್ದ ಬ್ರಾಡ್ಬರಿ ನಿಂತೇ ಬಂದು ಗೆರೆ ದಾಟಿದ. 1 ನಿಮಿಷ 29.109 ಸೆಕೆಂಡು. ಚಿನ್ನ. ಭೂಮಿಯ ದಕ್ಷಿಣಾರ್ಧದ ಯಾವ ದೇಶಕ್ಕೂ ಅದುವರೆಗೆ ಚಳಿಗಾಲದ ಒಲಿಂಪಿಕ್ಸ್ ಚಿನ್ನ ಸಿಕ್ಕಿರಲಿಲ್ಲ.

ಜನ ನಕ್ಕರು. ಇವತ್ತಿಗೂ ಆಸ್ಟ್ರೇಲಿಯಾದಲ್ಲಿ ಎಲ್ಲರೂ ಬಿದ್ದು ಒಬ್ಬ ಗೆದ್ದರೆ "ಬ್ರಾಡ್ಬರಿ ಮಾಡಿದ" ಅಂತಾರೆ, ಗಾದೆ ತರ. ಈಗ ನೀವೇ ಹೇಳಿ, ಆ ಚಿನ್ನ ಅವನದಾ?

ಈ ಪ್ರಶ್ನೆಗೆ ಬೇಗ ಬಾಯಿಗೆ ಬರೋ ಮೂರು ಉತ್ತರ ಇವೆ. ಮೂರೂ ನಮ್ಮೊಳಗಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: "ನಾನೇ ಗೆದ್ದೆ"

ಗೆದ್ದ ತಕ್ಷಣ ಕಥೆಯನ್ನ ತಿದ್ದೋ ಆಸೆ ಬರುತ್ತೆ. "ಎಲ್ಲಾ ನನ್ನ ಲೆಕ್ಕಾಚಾರ" ಅಂತ ಹೇಳ್ಬಹುದಿತ್ತು. ಅವನ ಹತ್ತಿರ ಲೆಕ್ಕಾಚಾರ ಇದ್ದದ್ದೂ ನಿಜ. ತಾನು ಮುಂದಿನವರಷ್ಟು ವೇಗ ಇಲ್ಲ, ಒಂದೇ ರಾತ್ರಿ ಹಲವು ಓಟ ಓಡೋಕೆ ದಮ್ಮೂ ಸಾಲಲ್ಲ, ಹಿಂದೆ ಇದ್ದು ಗುದ್ದಾಟಕ್ಕೆ ಸಿಕ್ಕಿಕೊಳ್ಳದೆ ಇರೋಣ ಅಂತ ತರಬೇತುದಾರರ ಜೊತೆ ಮಾತಾಡಿಕೊಂಡಿದ್ದ. ಆದರೂ ಗೆದ್ದ ಮೇಲೆ ಅವನು ಹೇಳಿದ್ದು ಬೇರೆ. ನಾನು ಅಲ್ಲಿ ಎಲ್ಲರಿಗಿಂತ ವೇಗದವನಾಗಿರಲಿಲ್ಲ ಅಂತ ನೇರವಾಗಿ ಒಪ್ಪಿಕೊಂಡ. ಈ ಪದಕವನ್ನ ಆ ಒಂದೂವರೆ ನಿಮಿಷಕ್ಕೆ ಅಂತ ತಗೊಳ್ಳಲ್ಲ, ಹಿಂದಿನ ಹತ್ತು ವರ್ಷದ ದುಡಿಮೆಗೆ ಅಂತ ತಗೋತೀನಿ ಅನ್ನೋದು ಅವನ ಮಾತಿನ ಸಾರ.

ಎಷ್ಟು ಪ್ರಾಮಾಣಿಕ ಮಾತು ನೋಡಿ. ನಮ್ಮ ಲಿಂಕ್ಡ್‌ಇನ್ ಪೋಸ್ಟುಗಳಲ್ಲಿ ಇಂಥ ಮಾತು ಎಲ್ಲಾದ್ರೂ ಕಂಡಿದ್ದೀರಾ? ಪ್ರಮೋಷನ್ ಬಂದ್ರೆ ನನ್ನ ಶ್ರಮ, ಸಿಗದಿದ್ರೆ ಆಫೀಸ್ ರಾಜಕೀಯ. ಸಾಕ್ಷಿ ಹೇಳುವಾಗಲೂ ಹಾಗೇ. ಮುಂದಿದ್ದವರು ಬಿಟ್ಟುಹೋದ ವಿಷಯ ಮುಚ್ಚಿಟ್ಟು "ನನ್ನ ನಂಬಿಕೆ ಗೆದ್ದಿತು" ಅಂತೀವಿ.

ಇಲ್ಲೇ ಹತ್ತಿರದ ಇನ್ನೊಂದು ಸಂಗತಿ ಹೇಳ್ಬೇಕು. 2023, ಅಕ್ಟೋಬರ್ 2. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ಇದು ಐಸ್ ಅಲ್ಲ, ಚಕ್ರದ ಬೂಟಿನ ಸ್ಕೇಟಿಂಗ್, ನಮ್ಮ ಮೈಸೂರು ಬೆಂಗಳೂರಲ್ಲಿ ಮಕ್ಕಳು ಬೆಳಗ್ಗೆ ಹಾಕ್ಕೊಂಡು ಹೋಗ್ತಾರಲ್ಲ ಅದು. ಪುರುಷರ 3000 ಮೀಟರ್ ರಿಲೇ. ಕೊರಿಯಾ ಮುಂದಿತ್ತು. ಕೊನೆಯ ಹುಡುಗ ಗೆರೆಗೆ ಇನ್ನೂ ಸ್ವಲ್ಪ ಇರುವಾಗಲೇ ಗೆದ್ದೆ ಅಂತ ಎರಡೂ ಕೈ ಎತ್ತಿದ. ಹಿಂದಿದ್ದ ತೈವಾನ್‌ನ ಹುವಾಂಗ್ ಯು-ಲಿನ್ ಕೈ ಎತ್ತಲಿಲ್ಲ, ಕಾಲು ಚಾಚಿದ. 0.01 ಸೆಕೆಂಡಿನಲ್ಲಿ ಚಿನ್ನ ತೈವಾನ್‌ಗೆ ಹೋಯ್ತು. ಆ ಕೊರಿಯಾದ ಹುಡುಗರಿಗೆ ಚಿನ್ನ ಸಿಕ್ಕಿದ್ದರೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಇತ್ತು, ಅದೂ ಹೋಯ್ತು. ಅದೇ ಓಟದಲ್ಲಿ ಕಂಚು ಬಂದದ್ದು ನಮ್ಮ ಭಾರತಕ್ಕೆ. ಆ ತಂಡದಲ್ಲಿದ್ದ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ ಎರಡು ವರ್ಷ ಆದ್ಮೇಲೆ, 2025ರಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1000 ಮೀಟರ್ ಚಿನ್ನವನ್ನೇ ಗೆದ್ದರು. ಒಂದೇ ಓಟದಲ್ಲಿ ಒಬ್ಬ ಬೇಗ ಕೈ ಎತ್ತಿ ಕಳ್ಕೊಂಡ, ಒಬ್ಬ ಅದರಿಂದ ಪಡ್ಕೊಂಡ, ಒಬ್ಬರು ಕಂಚು ತಗೊಂಡು ಮನೆಗೆ ಹೋಗಿ ಮತ್ತೆ ಅಭ್ಯಾಸ ಶುರು ಮಾಡಿದ್ರು. ಪ್ರಸಂಗಿ ಹೇಳಿದ್ದು ಕಣ್ಣ ಮುಂದೆ ನಡೆದ ಹಾಗಿದೆ, ಅಲ್ವಾ?

ಎರಡನೆಯದು: "ನನಗೆ ಯೋಗ್ಯತೆ ಇಲ್ಲ, ನನಗೆ ಬೇಡ"

ಇದು ದೈನ್ಯದ ತರ ಕಾಣುತ್ತೆ. ಎಷ್ಟೋ ಒಳ್ಳೆ ಹುಡುಗರು, ಹುಡುಗಿಯರು ಇದರಲ್ಲೇ ಸಿಕ್ಕಿಕೊಂಡಿದ್ದಾರೆ. ಸಹೋದ್ಯೋಗಿಯನ್ನ ತೆಗೆದು ತನ್ನನ್ನ ಉಳಿಸಿದ್ರು ಅನ್ನೋ ಭಾರಕ್ಕೆ ಕೆಲಸದಲ್ಲಿ ಮನಸ್ಸೇ ನಿಲ್ಲಲ್ಲ. ಅಣ್ಣ ಓದು ಬಿಟ್ಟು ಗದ್ದೆಗೆ ಇಳಿದ, ಅದಕ್ಕೇ ನಾನು ಇಂಜಿನಿಯರ್ ಆದೆ, ನನಗೆ ಇದರ ಹಕ್ಕಿಲ್ಲ ಅಂತ ಒಳಗೇ ಕೊರಗುತ್ತಾರೆ. ಈ ಕೊರಗಿಗೆ ಉತ್ತರ ಬೇಕು.

ಶ್ರೀರಂಗಪಟ್ಟಣದಲ್ಲಿ ಕೂತು ಮಾತಾಡ್ತಾ ಇದ್ದೀವಿ. ಇಲ್ಲಿಂದ ಸ್ವಲ್ಪ ದೂರದಲ್ಲಿ ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾಗಿ 1932ರ ಹೊತ್ತಿಗೆ ಮುಗೀತು. 124.80 ಅಡಿ ತುಂಬಿತು ಅಂದ್ರೆ ನಮ್ಮ ಮನೆಗಳಲ್ಲಿ ಹಬ್ಬ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ರೆ ಭತ್ತ, ಕಬ್ಬು. ಆ ನೀರು ನಮ್ಮ ತಲೆ ಮೇಲೆ ಬಿದ್ದ ಮಳೆ ಅಲ್ಲ, ಹೆಚ್ಚಿನದು ಕೊಡಗಿನ ಬೆಟ್ಟದ ಮಳೆ. ಆ ಕಟ್ಟೆಗೆ ಹೆಸರು ಕೊಟ್ಟ ಹಳೇ ಕನ್ನಂಬಾಡಿ ಊರೇ ಅದೇ ನೀರಿನಲ್ಲಿ ಮುಳುಗಿತು. ಅಲ್ಲಿ ಒಲೆ ಹಚ್ಚುತ್ತಿದ್ದ ಸಂಸಾರಗಳು ಗಂಟು ಮೂಟೆ ಕಟ್ಟಿಕೊಂಡು ಎದ್ದುಹೋದವು. ನಾವು ತಿಂದು ಬೆಳೆದ ಅನ್ನದಲ್ಲಿ ಆ ಮುಳುಗಿದ ಊರಿನ ಪಾಲಿದೆ.

ಹಾಗಂತ ನಾಳೆಯಿಂದ ಅನ್ನ ತಿನ್ನಲ್ಲ ಅಂತೀರಾ? ತಿನ್ನದಿದ್ರೆ ಮುಳುಗಿದ ಊರು ಮೇಲೆ ಬರುತ್ತಾ? ಬರಲ್ಲ. ಆದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ತಿನ್ನೋದು ಬೇರೆ, ನೆನೆದು ತಿನ್ನೋದು ಬೇರೆ. ಯಾರೂ ತಮ್ಮ ಕಾಲ ಮೇಲೆ ಮಾತ್ರ ನಿಂತಿಲ್ಲ ಕಣ್ರಪ್ಪಾ. ನನಗೆ ಯೋಗ್ಯತೆ ಇದ್ದದ್ದು ಮಾತ್ರ ತಗೋತೀನಿ ಅಂತ ಹಟ ಹಿಡಿದವನು ಒಂದು ಲೋಟ ನೀರನ್ನೂ ಕುಡಿಯೋ ಹಾಗಿಲ್ಲ. ಆ ಹಟದಲ್ಲೂ ಒಂದು ಗರ್ವ ಇದೆ: ನಾನು ಯಾರ ಋಣದಲ್ಲೂ ಇರಲ್ಲ ಅನ್ನೋ ಗರ್ವ. ಬ್ರಾಡ್ಬರಿ ವೇದಿಕೆ ಹತ್ತಿದ. ತಲೆ ಕೊಟ್ಟು ಪದಕ ಹಾಕಿಸಿಕೊಂಡ. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಬಿದ್ದು ಎದ್ದ ಓನೋ ಬೆಳ್ಳಿ ತಗೊಂಡ. ನಾಲ್ಕೇ ದಿನ ಆದ್ಮೇಲೆ 1500 ಮೀಟರ್‌ನಲ್ಲಿ ಮೊದಲು ಗೆರೆ ದಾಟಿದ ಕೊರಿಯಾದ ಕಿಮ್ ಡಾಂಗ್-ಸುಂಗ್ ಅನರ್ಹನಾದ, ಚಿನ್ನ ಓನೋಗೆ ಬಂತು. ಶನಿವಾರ ಕಳ್ಕೊಂಡವನು ಬುಧವಾರ ಇನ್ನೊಬ್ಬ ಕಳ್ಕೊಂಡದ್ದನ್ನ ಪಡೆದ. ಆ ಐಸ್ ಮೇಲೆ ಪೂರ್ತಿ ತನ್ನದು ಅನ್ನೋ ಚಿನ್ನ ಯಾರ ಹತ್ತಿರ ಇತ್ತು?

ಮೂರನೆಯದು: "ಅವರು ಬೀಳಲಿ, ನಾನು ಕಾಯ್ತೀನಿ"

ಇದು ಎಲ್ಲಕ್ಕಿಂತ ಅಪಾಯದ್ದು. ನಮ್ಮ ಪ್ರಾರ್ಥನೆಯೊಳಗೇ ನುಸುಳುತ್ತೆ. "ಕರ್ತನೇ, ನನ್ನ ಮುಂದಿರೋರನ್ನ ತೆಗೆದುಹಾಕು, ಆ ಜಾಗ ನನಗೆ ಕೊಡು." ಆ ಮುಂದಿರೋರಿಗೂ ಮನೆ ಬಾಡಿಗೆ ಇದೆ, ಮಗುವಿನ ಶಾಲೆ ಫೀಸು ಇದೆ. ಅವರ ಬೀಳುವಿಕೆಯನ್ನ ಆಶೀರ್ವಾದ ಅಂತ ಬೇಡೋದು ಪ್ರಾರ್ಥನೆ ಅಲ್ಲ, ಅದು ಶಾಪ.

"ಪಾಸ್ಟರ್, ಬ್ರಾಡ್ಬರಿ ಮಾಡಿದ್ದೂ ಅದೇ ಅಲ್ವಾ? ಹಿಂದೆ ಇದ್ದು ಬೀಳ್ತಾರಾ ಅಂತ ಕಾದ" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ಆಟದಲ್ಲಿ ಬೀಳೋದು ಎಲ್ಲರಿಗೂ ಗೊತ್ತಿರೋ ಸಂಗತಿ. ಅವರು ಬೀಳಬಹುದು ಅಂತ ತಿಳ್ಕೊಂಡು ತನ್ನ ಓಟ ತಾನು ಓಡೋದು ಒಂದು. ಅವರು ಬೀಳಲಿ ಅಂತ ಬಯಸೋದು ಇನ್ನೊಂದು. ಬೀಳಿಸೋದು ಮತ್ತೊಂದು. ಅವನು ಯಾರ ಕಾಲಿಗೂ ಅಡ್ಡ ಹೋಗಲಿಲ್ಲ. ಇನ್ನೊಂದು ವಿಷಯ ಕೇಳಿ: ಅಪೋಲೊ ಓನೋ ಹಾಕ್ಕೊಂಡಿದ್ದ ಬೂಟು ಬ್ರಾಡ್ಬರಿ ತಯಾರಿಸಿ ಕೊಟ್ಟದ್ದು. ಓನೋ ಗೆದ್ದರೆ ತನ್ನ ಬೂಟಿಗೆ ಹೆಸರು ಬರುತ್ತೆ ಅಂತ ಆಸೆ ಇತ್ತು. ಎದುರಾಳಿಗೆ ಒಳ್ಳೆ ಬೂಟು ಮಾಡಿಕೊಟ್ಟು, ಆಮೇಲೆ ಅವನ ಜೊತೆಗೇ ಓಡಿದ. ನಮ್ಮ ಆಫೀಸಿನಲ್ಲಿ ಪಕ್ಕದ ಟೇಬಲ್‌ನವನಿಗೆ ಒಂದು ಫೈಲ್ ಕಳಿಸೋಕೂ ಲೆಕ್ಕ ಹಾಕ್ತೀವಿ.

ಈಗ ದೇವರ ವಾಕ್ಯಕ್ಕೆ ಬರೋಣ. 2 ಸಮುವೇಲ ಮೊದಲನೆಯ ಅಧ್ಯಾಯ. ಸೌಲ ಯುದ್ಧದಲ್ಲಿ ಸತ್ತ ಸುದ್ದಿ ದಾವೀದನಿಗೆ ಬರುತ್ತೆ. ಈ ಸೌಲ ಯಾರು? ವರ್ಷಗಟ್ಟಲೆ ದಾವೀದನನ್ನ ಕೊಲ್ಲೋಕೆ ಅಟ್ಟಾಡಿಸಿದವನು. ಅವನು ಬಿದ್ದರೆ ಸಿಂಹಾಸನದ ದಾರಿ ತೆರೀತು. ಸುದ್ದಿ ತಂದವನು ಇನಾಮು ಸಿಗುತ್ತೆ ಅಂದ್ಕೊಂಡೇ ಬಂದಿದ್ದ. ದಾವೀದ ಬಟ್ಟೆ ಹರಿದುಕೊಂಡು ಅತ್ತ, ಸಾಯಂಕಾಲದವರೆಗೆ ಉಪವಾಸ ಇದ್ದ, ಸೌಲನಿಗಾಗಿ ಶೋಕಗೀತೆ ಕಟ್ಟಿದ. ಆದರೆ ಗಮನಿಸಿ, ಸಿಂಹಾಸನ ಬೇಡ ಅನ್ನಲಿಲ್ಲ. ಅತ್ತ, ಆಮೇಲೆ ಎದ್ದುಹೋಗಿ ರಾಜನಾದ.

ಅಲ್ಲಿಗೆ ಮುಗೀಲಿಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ, ರಾಜ್ಯ ಗಟ್ಟಿಯಾದ ಮೇಲೆ, ಸೌಲನ ಮನೆಯವರು ಯಾರಾದ್ರೂ ಉಳಿದಿದ್ದಾರಾ, ಅವರಿಗೆ ದಯೆ ತೋರಿಸ್ಬೇಕು ಅಂತ ಹುಡುಕಿಸ್ತಾನೆ. ಮೆಫೀಬೋಶೆತ ಸಿಗ್ತಾನೆ. ಎರಡೂ ಕಾಲು ಕುಂಟು. ಆ ಕಾಲು ಹೇಗೆ ಹೋಯ್ತು ಗೊತ್ತಾ? ಅದೇ ಪುಸ್ತಕದ 4:4 ಓದಿ. ಸೌಲ ಸತ್ತ ಸುದ್ದಿ ಬಂದಾಗ ದಾದಿ ಐದು ವರ್ಷದ ಆ ಮಗುವನ್ನ ಎತ್ತಿಕೊಂಡು ಓಡಿದಳು, ಅವಸರದಲ್ಲಿ ಮಗು ಬಿತ್ತು. ಯಾವ ಸುದ್ದಿ ದಾವೀದನಿಗೆ ದಾರಿ ತೆರೆಯಿತೋ ಅದೇ ಸುದ್ದಿ ಈ ಮಗುವಿನ ಕಾಲು ಮುರಿಯಿತು. ದಾವೀದ ಅದನ್ನ ಮುಚ್ಚಿಡಲಿಲ್ಲ. ಸೌಲನ ಹೊಲ ವಾಪಸ್ ಕೊಟ್ಟ, ಅವನನ್ನ ದಿನಾ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನಾನು ನಂಬ್ತೀನಿ. ಇನ್ನೊಬ್ಬರು ಬಿದ್ದಾಗ ಸಿಕ್ಕಿದ್ದು ನನ್ನದಾ? ತಗೋಬಹುದು. ಆದರೆ ಅದು ನನ್ನ ಕೈಗೆ ಬಂದಾಗ ಒಂದು ಹೊಣೆಯನ್ನೂ ಹೊತ್ತುಕೊಂಡು ಬರುತ್ತೆ. ಬಿದ್ದವರು ಯಾರು, ಈಗ ಎಲ್ಲಿದ್ದಾರೆ, ಅವರ ಮನೆ ಹೇಗಿದೆ ಅಂತ ಕೇಳೋ ಹೊಣೆ. ಅದನ್ನ ಕೇಳದೆ ಸುಮ್ಮನೆ ಅನುಭವಿಸಿದ್ರೆ ಅದು ಕಿತ್ತುಕೊಂಡದ್ದರ ಹಾಗೆಯೇ. ಪೌಲನೂ ರೋಮಾಪುರದವರಿಗೆ 11ರಲ್ಲಿ ಇದೇ ಎಚ್ಚರ ಕೊಡ್ತಾನೆ. ಎಣ್ಣೆಮರದ ಕೊಂಬೆ ಮುರಿದು ಬಿದ್ದ ಜಾಗಕ್ಕೆ ನಿನ್ನನ್ನ ಕಸಿ ಕಟ್ಟಿದ್ದಾರೆ, ಮುರಿದ ಕೊಂಬೆಗಳನ್ನ ನೋಡಿ ಹೆಚ್ಚಳಪಡಬೇಡ, ನೀನು ಬೇರನ್ನ ಹೊತ್ತಿಲ್ಲ, ಬೇರು ನಿನ್ನನ್ನ ಹೊತ್ತಿದೆ ಅನ್ನೋದು ಅವನ ವಾದ.

ಇನ್ನು ಕಷ್ಟದ ಮಾತು

ಇಷ್ಟಕ್ಕೇ ನಿಲ್ಲಿಸಿದ್ರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಬ್ರಾಡ್ಬರಿ ಕಥೆ ಕೇಳಿ "ಸಹಿಸಿಕೊಂಡಿರು, ನಿನಗೂ ಒಂದು ದಿನ ಬರುತ್ತೆ" ಅಂತ ಹೇಳೋದು ಸುಲಭ. ಎಷ್ಟೋ ಮಂದಿ ಹತ್ತು ವರ್ಷ ಅಭ್ಯಾಸ ಮಾಡಿ, ಕೊನೇವರೆಗೂ ಬೀಳದೆ ನಿಂತು, ಐದನೆಯವರಾಗಿ ಮನೆಗೆ ಹೋಗಿದ್ದಾರೆ. ಅವರ ಮುಂದೆ ಯಾರೂ ಬೀಳಲಿಲ್ಲ. ಅವರ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಲ್ಲಿ ಕೂತಿರೋರಲ್ಲೂ ಅಂಥವರಿದ್ದೀರಿ. ಐದು ಸಲ ಪರೀಕ್ಷೆ ಬರೆದವರು. ಪ್ರಾಮಾಣಿಕವಾಗಿ ದುಡಿದೂ ಪಟ್ಟಿಯಲ್ಲಿ ಹೆಸರು ಬಾರದವರು.

ನಾಗಮಂಗಲದ ಕಡೆಯಿಂದ ಬಂದವರಿಗೆ ಇದು ಹೆಚ್ಚು ಗೊತ್ತು. ನಾಲೆ ನೀರು ಕಾಣದ, ಮಳೆ ನಂಬಿದ ರಾಗಿ ಹೊಲಗಳು ಅಲ್ಲಿ ಎಷ್ಟಿವೆ. ಅಪ್ಪ ಉತ್ತು, ಹದ ಮಾಡಿ, ಬೀಜ ಸಿದ್ಧ ಮಾಡಿಟ್ಟು ಆಕಾಶ ನೋಡ್ತಾನೆ. ಉತ್ತ ಹೊಲಕ್ಕೇ ಮಳೆ ಬೀಳುತ್ತೆ ಅನ್ನೋ ಕರಾರು ಇಲ್ಲ. ಆದರೆ ಮಳೆ ಬಂದ ದಿನ ಉಳದೇ ಬಿಟ್ಟ ಹೊಲದಲ್ಲಿ ನೀರು ಹರಿದುಹೋಗುತ್ತೆ, ಉತ್ತ ಹೊಲ ಕುಡಿದುಕೊಳ್ಳುತ್ತೆ. ಮಳೆ ನಮ್ಮ ಕೈಲಿಲ್ಲ, ಉಳುಮೆ ನಮ್ಮ ಕೈಲಿದೆ.

ಮಳೆ ಬಾರದ ವರ್ಷ? ಆ ವರ್ಷ ಉತ್ತದ್ದು ವ್ಯರ್ಥವಾ? ನನ್ನ ಮಟ್ಟಿಗೆ ಇಡೀ ಪ್ರಶ್ನೆ ಇಲ್ಲಿ ಬಂದು ನಿಲ್ಲುತ್ತೆ. ಗ್ಯಾನ್ಯನ್ ಅನರ್ಹನಾಗದೇ ಇದ್ದಿದ್ದರೆ ಬ್ರಾಡ್ಬರಿ ಕ್ವಾರ್ಟರ್ ಫೈನಲ್‌ನಲ್ಲೇ ಬ್ಯಾಗು ಕಟ್ಟಿಕೊಂಡು ಊರಿಗೆ ಹೋಗ್ತಿದ್ದ. ಆಗ ಆ 111 ಹೊಲಿಗೆ, ಮುರಿದ ಕುತ್ತಿಗೆ, ಹತ್ತು ವರ್ಷದ ಬೆಳಗಿನ ಚಳಿ, ಇವಕ್ಕೆ ಬೆಲೆ ಕಡಿಮೆ ಆಗ್ತಿತ್ತಾ? ಇಲ್ಲ. ಅವನ ದುಡಿಮೆ ಒಂದು ಗುಲಗಂಜಿಯಷ್ಟೂ ಕಡಿಮೆ ಆಗ್ತಿರಲಿಲ್ಲ, ನಮಗೆ ಕಾಣ್ತಿರಲಿಲ್ಲ ಅಷ್ಟೇ. ಪದಕ ಆ ದುಡಿಮೆಗೆ ಬೆಲೆ ತಂದುಕೊಡಲಿಲ್ಲ, ಬೆಳಕು ಹಿಡೀತು. ಇಬ್ರಿಯರಿಗೆ 11ನೆಯ ಅಧ್ಯಾಯದ ಕೊನೆ ಓದಿ. ನಂಬಿಕೆಯಿಂದ ಒಳ್ಳೆ ಸಾಕ್ಷಿ ಪಡೆದೂ ವಾಗ್ದಾನದ ಫಲ ಕಾಣದೆ ಸತ್ತವರ ಪಟ್ಟಿ ಅದು. ದೇವರ ವಾಕ್ಯ ಅವರನ್ನ ಸೋತವರ ಸಾಲಿಗೆ ಹಾಕಿಲ್ಲ.

ಅದಕ್ಕೇ, ಪದಕ ಸಿಗದ ತಮ್ಮಾ, ತಂಗೀ, ನಿನಗೆ ಸುಳ್ಳು ಭರವಸೆ ಕೊಡಲ್ಲ. ಮುಂದಿನ ತಿರುವಿನಲ್ಲಿ ಎಲ್ಲರೂ ಬೀಳ್ತಾರೆ, ನಿನಗೆ ಚಿನ್ನ ಬರುತ್ತೆ ಅಂತ ಪ್ರವಾದನೆ ಹೇಳಲ್ಲ. ನೀನು ಬೀಳದೆ ನಿಂತ ದಿನಗಳನ್ನ ಕಂಡವನು ಒಬ್ಬ ಇದ್ದಾನೆ ಅಂತ ಮಾತ್ರ ಹೇಳ್ತೀನಿ.

ಗೆದ್ದ ಮೇಲೆ

ಬ್ರಾಡ್ಬರಿ ಆ ಒಲಿಂಪಿಕ್ಸ್ ಆದ್ಮೇಲೆ ನಿವೃತ್ತನಾದ. ಅವನ ಚಿತ್ರದ ಅಂಚೆಚೀಟಿ ಬಂತು, 2007ರಲ್ಲಿ ಸರ್ಕಾರದ ಗೌರವ ಪದಕ ಬಂತು. ನನಗೆ ಇವಕ್ಕಿಂತ ದೊಡ್ಡದಾಗಿ ಕಾಣೋದು 2023ರ ಒಂದು ಸಂಗತಿ. ಆಸ್ಟ್ರೇಲಿಯಾದ ಕಲೌಂಡ್ರ ಹತ್ತಿರದ ಕಡಲತೀರ. ಮಗನಿಗೆ ಅಲೆ ಮೇಲೆ ಹಲಗೆ ಸವಾರಿ ಕಲಿಸ್ತಾ ಇದ್ದ. ಹದಿಹರೆಯದ ನಾಲ್ಕು ಹುಡುಗಿಯರು ಅಲೆಯ ಸೆಳೆತಕ್ಕೆ ಸಿಕ್ಕಿಕೊಂಡರು. ಹಲಗೆ ಹಿಡಿದು ನುಗ್ಗಿದ. ನಾಲ್ವರೂ ಬದುಕಿದರು. ಒಂದು ಕಾಲದಲ್ಲಿ ನಾಲ್ವರು ಬಿದ್ದಾಗ ನಿಂತು ಗೆದ್ದವನು, ಇನ್ನೊಂದು ದಿನ ನಾಲ್ವರು ಮುಳುಗುವಾಗ ನಿಂತು ನೋಡಲಿಲ್ಲ.

ಈ ವಾರ ನೀವು ಮಾಡೋದು ಮೂರು ಕೆಲಸ. ನಿಮಗೆ ಈಗ ಇರೋ ಕೆಲಸ, ಸೀಟು, ಜಾಗದ ಹಿಂದೆ ಯಾರ ನಷ್ಟ ಇದೆ ಅಂತ ಕೂತು ಯೋಚಿಸಿ, ಆ ಹೆಸರು ಬರೆದುಕೊಳ್ಳಿ. ಅವರಿಗೆ ಒಂದು ಫೋನ್ ಮಾಡಿ. ಕ್ಷಮೆ ಕೇಳೋಕಲ್ಲ, ಹೇಗಿದ್ದೀರಿ ಅಂತ ಕೇಳೋಕೆ. ಅವರಿಗೆ ಕೆಲಸ ಬೇಕಿದ್ರೆ ನಿಮಗೆ ಗೊತ್ತಿರೋ ನಾಲ್ಕು ಜನರಿಗೆ ಹೇಳಿ. ಮೂರನೆಯದು, ಮುಂದಿರೋರು ಬೀಳಲಿ ಅನ್ನೋ ಪ್ರಾರ್ಥನೆ ನಿಮ್ಮ ಬಾಯಲ್ಲಿದ್ದರೆ ಇವತ್ತೇ ಬಿಟ್ಟುಬಿಡಿ.

ನಾವೆಲ್ಲ ಯಾರ ಬೀಳುವಿಕೆಯಿಂದ ನಿಂತಿದ್ದೀವಿ ಅಂತ ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಗೋದಿಯ ಕಾಳು ನೆಲಕ್ಕೆ ಬಿದ್ದು ಸಾಯುವ ಮಾತು ಯೋಹಾನ 12ರಲ್ಲಿದೆ. ಬರಬ್ಬ ಸೆರೆಮನೆಯಿಂದ ಹೊರಗೆ ಬಂದ ದಿನ ಅವನ ಜಾಗಕ್ಕೆ ಹೋದವನು ಯಾರು ಅಂತ ನಿಮಗೆ ಗೊತ್ತು. ಅವನನ್ನ ಯಾರೂ ಬೀಳಿಸಲಿಲ್ಲ, ತಾನೇ ಇಳಿದುಬಂದ. ಆ ಕೃಪೆಯನ್ನ ಯೋಗ್ಯತೆ ಇದೆ ಅಂತ ಯಾರೂ ತಗೊಂಡಿಲ್ಲ, ಬೇಡ ಅನ್ನೋಕೂ ಆಗಲ್ಲ. ಕೈ ಚಾಚಿ ತಗೋತೀವಿ, ತಗೊಂಡ ಮೇಲೆ ಬಿದ್ದವರನ್ನ ಹುಡುಕ್ಕೊಂಡು ಹೋಗ್ತೀವಿ.

ಎದ್ದು ನಿಂತು ಪ್ರಾರ್ಥಿಸೋಣ.

ಕರ್ತನೇ, ನಮ್ಮ ಕೈಯಲ್ಲಿರೋದರ ಹಿಂದೆ ಯಾರ ಕಣ್ಣೀರಿದೆ ಅಂತ ನಮಗೆ ತೋರಿಸು. ಗೆದ್ದವರ ನಾಲಿಗೆಗೆ ಪ್ರಾಮಾಣಿಕತೆ ಕೊಡು. ಸೋತವರ ಕಾಲಿಗೆ ನಾಳೆ ಬೆಳಗ್ಗೆ ಮತ್ತೆ ಎದ್ದು ಹೊರಡೋ ಬಲ ಕೊಡು. ಸೋಮವಾರ ಬೆಳಗ್ಗೆ ಬಸ್ಸು, ರೈಲು ಹತ್ತೋ ಈ ಮಕ್ಕಳು ಯಾರನ್ನೂ ತಳ್ಳದೆ, ಯಾರನ್ನೂ ಮರೆಯದೆ ತಮ್ಮ ಓಟ ಓಡಲಿ. ಯೇಸುವಿನ ಹೆಸರಿನಲ್ಲಿ, ಆಮೆನ್.